ಅಟ್ಟ ಹತ್ತಿದ ಕಾಫಿ

ಬೆನ್ನಿಗೊಂದು ಚೀಲ ಏರಿಸಿಕೊಂಡು ಒಬ್ಬಳೇ ಊರೂರು ಸುತ್ತುವ ಚಟ ನನಗೆ ಹತ್ತಿದ್ದು ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ. "ಈ ವಯಸ್ಸಲ್ಲಿ ಇದೆಲ್ಲಾ ಯಾಕೆ?" ಎಂದವರಿಗೆ "ಇನ್ಯಾವ ವಯಸ್ಸಿಗೆ ಕಾಯಲಿ?" ಎಂದು ಬಾಯಿ ಮುಚ್ಚಿಸಿದ್ದೇನೆ. ಹೋದ ಚಳಿಗಾಲದಲ್ಲಿ ಕಾಫಿ ಬೆಳೆಯುವ ಕಡೆ ಹೋಗಿ ಕಾಲು ಚಾಚಿ ಮಲಗಬೇಕು ಅನ್ನಿಸಿತು. ಗೆಳತಿಯೊಬ್ಬಳು, "ಬೆಟ್ಟ ಯಾಕೆ ಹತ್ತುತ್ತೀ? ಮಾಯಸಂದ್ರದ ಹತ್ತಿರ ನಮ್ಮ ನೆಂಟರ ತೋಟಕ್ಕೆ ಹೋಗು. ಅಲ್ಲೇ ಕಾಫಿ ಇದೆ" ಎಂದಳು. ತೆಂಗಿನ ಸೀಮೆಯಲ್ಲಿ ಕಾಫಿಯೇ! ನಕ್ಕುಬಿಟ್ಟೆ. ಆದರೂ ತುರುವೇಕೆರೆ ಬಸ್ಸು ಹತ್ತಿದೆ.

ತೋಟದವರು ಐವತ್ತು ದಾಟಿದ ಗಂಡ ಹೆಂಡತಿ. ಇಬ್ಬರೂ ಗಟ್ಟಿಮುಟ್ಟು, ಇಬ್ಬರದೂ ಬಾಯಿ ಜೋರು. ತೋಟದ ಅಂಚಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಗೆಳತಿ ಹೇಳಿದ್ದು ಸುಳ್ಳಲ್ಲ, ತೆಂಗಿನ ಸಾಲುಗಳ ನಡುವೆ ಎದೆಯೆತ್ತರದ ಕಾಫಿ ಗಿಡಗಳು ನೆರಳಲ್ಲಿ ತಣ್ಣಗೆ ನಿಂತಿದ್ದವು. ಆಯಮ್ಮ ತವರಿನ ಕಡೆಯಿಂದ ಸಸಿ ತಂದು ತಾನೇ ನೆಟ್ಟು, ತಾನೇ ನೀರು ಹೊತ್ತು ಬೆಳೆಸಿದ್ದು. ನಾನು ಅವುಗಳ ಪಕ್ಕ ಚಾಪೆ ಹಾಕಿಕೊಂಡು ಮಲಗಿದೆ. ಬಾಯಿ ತೆರೆದುಕೊಂಡು ನಿದ್ದೆ ಹೊಡೆದೆ. ಎಲ್ಲೋ ದೂರದಲ್ಲಿ ಒಂದು ಕಾಯಿ ಧೊಪ್ಪೆಂದು ಬಿದ್ದರೆ ಮಗ್ಗುಲು ಬದಲಿಸಿದೆ. ಸಂಜೆಗೆ ಬಿಸಿ ಮುದ್ದೆ, ಅವರೆಕಾಳಿನ ಸಾರು. ಇನ್ನೇನು ಬೇಕು ಹೇಳಿ.

ಊಟ ಬಡಿಸುತ್ತಾ ಆಯಮ್ಮ ಹೊಟ್ಟೆಯಲ್ಲಿದ್ದದ್ದನ್ನು ಹೇಳಿಕೊಂಡರು. "ಈ ಸಲವೇ ಕಣ್ರೀ ಸರಿಯಾಗಿ ಹಣ್ಣು ಬಿಟ್ಟಿದ್ದು. ಚೆನ್ನಾಗಿಲ್ದಿದ್ರೆ ಗಿಡ ಎಲ್ಲ ಕಿತ್ತಾಕಿ ಅಡಿಕೆ ಇಡ್ತೀನಿ ಅಂತಾವ್ರೆ ಇವ್ರು. ನಾನೂ ಹ್ಞೂಂ ಅಂದ್ಬುಟ್ಟಿದೀನಿ."

"ನಾವು ನಾವೇ ಕುಡ್ದು ಹೇಳಿದ್ರೆ ಆಗಾಕಿಲ್ಲ," ಎಂದರು ಯಜಮಾನರು. "ಹೊರಗಿನೋರು ಕುಡ್ದು ಹೇಳ್ಬೇಕು. ಇಗೋ, ನೀವೇ ಬಂದ್ರಲ್ಲ."

ವಿಶ್ರಾಂತಿಗೆ ಬಂದವಳನ್ನು ಪಂಚಾಯ್ತಿ ಕಟ್ಟೆಗೆ ಕೂರಿಸಿದಂತಾಯ್ತು! ನನ್ನ ನಾಲಗೆ ಬೇರೆ ನನ್ನ ಮಾತು ಕೇಳುವುದಿಲ್ಲ. ಕಾಫಿ ಕೆಟ್ಟಿದ್ದರೆ ಬೀಗರ ಮನೆಯಲ್ಲೂ ಕೆಟ್ಟಿದೆ ಅಂದವಳು ನಾನು.

ಮರುದಿನ ಯಜಮಾನರು ನನ್ನನ್ನು ಅಟ್ಟ ಹತ್ತಿಸಿದರು. ಕೊಬ್ಬರಿಯೇ ಅವರ ಬದುಕು. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಈ ಕತ್ತಲಲ್ಲಿ ರಾಶಿ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಇಡೀ ಉಂಡೆಯಾಗಿ ಗಿಟುಕಾಗುತ್ತದೆ. ಒಂದನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಲೊಡಲೊಡ ಅಂದಿತು. "ನೋಡಿದ್ರಾ? ಬಿಸಿಲು ತೋರಿಸ್ಬಾರ್ದು, ಅವಸರ ಮಾಡ್ಬಾರ್ದು. ಅಟ್ಟಕ್ಕೆ ಹಾಕಿ ಮರ್ತುಬುಡ್ಬೇಕು. ನಮ್ಮಪ್ಪ ಕಲಿಸಿದ್ದು ಇಷ್ಟೇ." ಆ ಹೆಮ್ಮೆ ನೋಡಿ ಅವರ ಮೇಲೂ ಪ್ರೀತಿ ಹುಟ್ಟಿತು.

ಆ ಮಧ್ಯಾಹ್ನ ಆಯಮ್ಮ ಬೀಜ ಹುರಿದು, ಕುಟ್ಟಿ, ಬಟ್ಟೆಯಲ್ಲಿ ಸೋಸಿ ಡಿಕಾಕ್ಷನ್ ಇಳಿಸಿದರು. ಮೊದಲ ಲೋಟ ದೇವರ ಮುಂದೆ. ಎರಡನೆಯದು ನನಗೆ. ತಾವೂ ಕುಡಿಯಲಿಲ್ಲ, ಬಾಗಿಲಿಗೆ ಒರಗಿ ನನ್ನ ಮುಖವನ್ನೇ ನೋಡುತ್ತಾ ನಿಂತರು. ಯಜಮಾನರು ಜಗಲಿಯ ಮೇಲಿದ್ದರು.

ಒಂದು ಗುಟುಕು ಹೀರಿದೆ. ಮುಗ್ಗಲು! ಮಳೆಗಾಲದಲ್ಲಿ ಒದ್ದೆ ಗೋಣಿಚೀಲ ಮೂಸಿದ ಹಾಗೆ. ಚೆನ್ನಾಗಿದೆ ಎಂದುಬಿಡು ಮಾರಾಯ್ತಿ ಎಂದು ಮನಸ್ಸು ಬೇಡಿಕೊಂಡಿತು. ನಾಲಗೆ ಕೇಳಬೇಕಲ್ಲ. "ಮುಗ್ಗಲು ವಾಸನೆ ಇದೆಯಮ್ಮ. ಕುಡಿಯಕ್ಕಾಗಲ್ಲ."

ಆಯಮ್ಮನ ಮುಖ ಇಳಿದುಹೋಯಿತು. "ಹುರಿವಾಗ ನಂಗೂ ಅನ್ನುಸ್ತು. ಹೊಸ್ದು ಹಿಂಗೇ ಇರ್ತದೇನೋ ಅಂದ್ಕಂಡೆ," ಎಂದು ಲೋಟ ತೆಗೆದುಕೊಂಡರು. ಸೆರಗಿನಿಂದ ಕೈ ಒರೆಸಿಕೊಂಡು ಗಂಡನ ಕಡೆ ತಿರುಗಿದರು. "ಆಯ್ತು ಬುಡ್ರೀ. ಮಾತು ಅಂದ್ರೆ ಮಾತು. ಕೀಳ್ಸಿ."

ಯಜಮಾನರು ಗೆದ್ದಿದ್ದರು. ಆದರೆ ಗೆದ್ದವರ ಮುಖ ಹಾಗಿರುವುದಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿದರು, ಮತ್ತೆ ಹಾಕಿಕೊಂಡರು.

"ಗಿಡದ್ದೇನೂ ತಪ್ಪಿಲ್ಲ ಕಣೇ. ನಂದು."

ಇಬ್ಬರೂ ಅವರನ್ನೇ ನೋಡಿದೆವು. ಹಣ್ಣು ಕೊಯ್ದ ಹೊತ್ತಿಗೆ ಆಯಮ್ಮ ಮಗಳ ಬಾಣಂತನಕ್ಕೆ ಹೋಗಿದ್ದರು. ಅಂಗಳದಲ್ಲಿ ಹರಡಿ ಒಣಗಿಸಿ ಎಂದು ಗಂಡನಿಗೆ ಹೇಳಿ ಹೋಗಿದ್ದರು. ಇವರೂ ಹರಡಿದ್ದರು. ನಡುವೆ ಮೋಡ ಕವಿದು ಜಿಟಿಜಿಟಿ ಹಿಡಿಯಿತು.

"ನೆನೀತದೆ ಅಂತ ಗಾಬ್ರಿ ಆಯ್ತು. ಹಸಿಹಸಿಯಾಗೇ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕ್ದೆ. ಅಟ್ಟಕ್ಕಿಂತ ಒಳ್ಳೇ ಜಾಗ ನಂಗೆಲ್ಲಿ ಗೊತ್ತು? ಕೊಬ್ರಿ ಹಂಗೇ ಒಣಗ್ತದೆ, ಇದೂ ಒಣಗ್ತದೆ ಅಂದ್ಕಂಡೆ. ಇಳಿಸ್ವಾಗ ಬೂಷ್ಟು ಕಟ್ಟಿತ್ತು. ಒರೆಸ್ದೆ. ಹುರಿದ್ರೆ ಹೋಗ್ತದೆ ಅಂತ ಸುಮ್ಕಾದೆ."

"ಬೇಕಂತ ಮಾಡಿದ್ರಾ?" ಆಯಮ್ಮ ಒಂದು ಹೆಜ್ಜೆ ಮುಂದೆ ಬಂದರು.

"ಬೇಕಂತ ಮಾಡೋನು ಈಗ್ಯಾಕೆ ಬಾಯ್ಬುಡ್ತಿದ್ದೆ? ಸುಮ್ಕಿದ್ರೆ ಗಿಡ ಕೀಳ್ಸ್‌ಬೋದಿತ್ತು."

ಅದು ನಿಜ. ತನ್ನ ಅಟ್ಟ ಒಂದು ಬೆಳೆಯನ್ನು ಕೆಡಿಸಿತು ಎಂದು ಕೊಬ್ಬರಿಯವನೊಬ್ಬ ಅಪರಿಚಿತಳ ಎದುರು ಹೇಳಿಕೊಳ್ಳುವುದು ಸುಲಭವಲ್ಲ. ಆಯಮ್ಮ ಮಾತ್ರ ಲೋಟ ಎತ್ತಿಕೊಂಡು ಒಳಗೆ ಹೋದರು.

ಬೆಳಿಗ್ಗೆ ಎದ್ದು ಬಂದರೆ ಅಂಗಳ ಗುಡಿಸಿ ಸಾರಿಸಿಯಾಗಿತ್ತು. ಕೊನೆಯ ಸಾಲಿನಲ್ಲಿ ತಡವಾಗಿ ಹಣ್ಣಾದ ಕಾಫಿ ಒಂದಿಷ್ಟು ಉಳಿದಿತ್ತಂತೆ. ಯಜಮಾನರು ನಸುಕಿನಲ್ಲೇ ಕೊಯ್ದು, ಒಂದರ ಮೇಲೊಂದು ಬೀಳದಂತೆ ಹರಡಿದ್ದರು. ತಲೆಗೆ ಟವೆಲ್ ಸುತ್ತಿ, ಕೋಳಿ ಓಡಿಸಲು ಕೋಲು ಹಿಡಿದು, ಬಿಸಿಲಿಗೆ ಕೂತಿದ್ದರು. ಜೀವಮಾನವೆಲ್ಲಾ ಬಿಸಿಲು ತೋರಿಸಬಾರದು ಎಂದ ಮನುಷ್ಯ!

ಆಯಮ್ಮ ಅಂಗಡಿ ಪುಡಿಯ ಕಾಫಿ ತಂದು ನನಗೊಂದು ಲೋಟ ಕೊಟ್ಟರು. ಇನ್ನೊಂದನ್ನು ಹಿಡಿದುಕೊಂಡು ಗಂಡನ ಮುಂದೆ ನಿಂತರು, ಕೊಡಲಿಲ್ಲ.

"ಮೋಡ ಬಂದ್ರೆ ಏನ್ಮಾಡ್ತೀರಾ?"

"ಎತ್ತಿಡ್ತೀನಿ."

"ಎಲ್ಲಿ?"

ಅವರು ಒಮ್ಮೆ ಅಟ್ಟದ ಕಡೆ ನೋಡಿದರು. ಆಮೇಲೆ ಹೆಂಡತಿಯ ಕಡೆ. "ನಿನ್ನ ಕೇಳಿ ಇಡ್ತೀನಿ ಕಣೇ."

ಆಯಮ್ಮ ಲೋಟ ಕೊಟ್ಟರು.