ಕರಿಬಸಮ್ಮ ಉಳಿಸಿದ ಹಿಡಿ

ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ವಿಜಯಕುಮಾರರ ಗುಜರಿ ಗೋಡೌನಿನಲ್ಲಿ ಕರಿಬಸಮ್ಮನದು ಹದಿನೆಂಟು ವರ್ಷದ ಕೆಲಸ. ಬಂದ ಪ್ಲಾಸ್ಟಿಕ್ಕನ್ನು ಆರಿಸಿ ಬೇರೆ ಬೇರೆ ಮಾಡುವುದು. ಡಬ್ಬಿಯನ್ನು ಉಗುರಿನಿಂದ ಒಮ್ಮೆ ತಟ್ಟಿದರೆ ಸಾಕು, ಅದು ಯಾವ ಗುಂಪಿಗೆ ಸೇರಬೇಕೆಂದು ಹೇಳಿಬಿಡುತ್ತಾಳೆ. ಕಲಿಸು ಎಂದು ಯಾರಾದರೂ ಕೇಳಿದರೆ, "ಕಿವಿ ಇದ್ರೆ ಸಾಕು" ಎಂದು ನಗುತ್ತಾಳೆ.

ಎರಡು ವರ್ಷದಿಂದ ಈ ಕೆಲಸಕ್ಕೊಂದು ಬಾಲ ಅಂಟಿಕೊಂಡಿತ್ತು. ಶಿವಮೊಗ್ಗದ ಒಂದು ಕಾರ್ಖಾನೆ ಇಲ್ಲಿನ ಡಬ್ಬಿಗಳನ್ನು ಕರಗಿಸಿ ಹೊಸ ಶಾಂಪೂ ಬಾಟಲಿ ಮಾಡುತ್ತದೆ. ಅವರಿಗೆ ಒತ್ತಿ ಕಟ್ಟಿದ ಪ್ರತಿ ಕಟ್ಟಿನ ಜಾತಕವೇ ಬೇಕು: ಯಾರು ತಂದರು, ಎಲ್ಲಿಂದ ತಂದರು, ಯಾರು ಆರಿಸಿದರು. ಕಟ್ಟಿನ ಮೇಲಿನ ಸ್ಟಿಕ್ಕರಿಗೆ ಮೊಬೈಲ್ ಹಿಡಿದರೆ ಎಲ್ಲ ಬರುತ್ತದೆ. ಮದುವೆಗೆ ಗಂಡು ನೋಡುವಾಗಲೂ ಇಷ್ಟು ವಿಚಾರಿಸುವುದಿಲ್ಲ ಎಂದು ಕರಿಬಸಮ್ಮ ಗೇಲಿ ಮಾಡಿದ್ದಳು. ಆದರೂ ತನ್ನ ಹೆಸರು ಶಿವಮೊಗ್ಗದವರೆಗೆ ಹೋಗುತ್ತದೆಂದು ಒಳಗೊಳಗೇ ಹೆಮ್ಮೆ.

ಒಂದು ಗುರುವಾರ ಕಾರ್ಖಾನೆಯಿಂದ ತಪಾಸಣೆಗೆ ಮೈತ್ರಿ ಬಂದಳು. ಇಲ್ಲಿಂದ ಹೋದ ಕಟ್ಟೊಂದನ್ನು ಬಿಚ್ಚಿದಾಗ ಕಳೆನಾಶಕದ ಡಬ್ಬ ಸಿಕ್ಕಿತ್ತು. ವಿಷದ ಡಬ್ಬ ಶಾಂಪೂ ಬಾಟಲಿಗೆ ಸೇರಕೂಡದು. ಸ್ಟಿಕ್ಕರಿನಲ್ಲಿ ಮಾಲು ತಂದವನೆಂದು ಇದ್ದದ್ದು ತಳ್ಳುಗಾಡಿಯ ನಾಗಯ್ಯನ ಹೆಸರು.

"ಮೇಡಂ, ನಾನು ಇಲ್ಲೇ ಮನೆಮನೆಯಿಂದ ತರೋನು. ತೋಟದ ಕಡೆ ಗಾಡಿ ತಿರುಗಿಸಿದೋನೇ ಅಲ್ಲ," ಎಂದ ಆಗಷ್ಟೇ ಗಾಡಿಯಲ್ಲಿ ಮೂಟೆ ತಂದಿದ್ದ ನಾಗಯ್ಯ.

"ನಿಮ್ಮ ಮಾತು ನಂಬ್ತೀನಿ. ಆದ್ರೆ ದಾಖಲೇಲಿ ನಿಮ್ಮ ಹೆಸರೇ ಇದೆಯಲ್ಲ? ನಾಳೆಯಿಂದ ನಿಮ್ಮ ಮಾಲು ತಗೊಳ್ಳೋ ಹಾಗಿಲ್ಲ," ಎಂದಳು ಮೈತ್ರಿ.

ಕರಿಬಸಮ್ಮನ ಕಣ್ಣು ಗೋಡೌನಿನ ಮೂಲೆಗೆ ಹೋಯಿತು. ಅವಳ ಅಪ್ಪ ಕೂಲಿಗೆ ಭತ್ತ ತರುತ್ತಿದ್ದ ಕಾಲದಿಂದ ಮನೆಯಲ್ಲೊಂದು ಪದ್ಧತಿ. ಮಡಕೆಯನ್ನು ಪೂರ್ತಿ ಬರಿದು ಮಾಡುವಂತಿಲ್ಲ. ಹಳೆಯದು ಒಂದು ಹಿಡಿ ಉಳಿಸಿ, ಅದರ ಮೇಲೆ ಹೊಸದನ್ನು ಸುರಿಯಬೇಕು. ಗೋಡೌನಿನಲ್ಲೂ ಅವಳು ಅದನ್ನೇ ನಡೆಸಿಕೊಂಡು ಬಂದಿದ್ದಳು. ಸಂಜೆ ಎರಡು ಡಬ್ಬಿಯನ್ನು ಮೂಲೆಯಲ್ಲಿ ಉಳಿಸುವುದು, ಬೆಳಿಗ್ಗೆ ಕಣ್ಣಿಗೊತ್ತಿಕೊಂಡು ಮೊದಲ ಕಟ್ಟಿಗೆ ಸೇರಿಸುವುದು. ಲಕ್ಷ್ಮಿಯನ್ನು ತಿರುಗಿಸಿ ಮುರುಗಿಸಿ ಪರೀಕ್ಷೆ ಮಾಡುವುದುಂಟೇ? ಅವೆರಡನ್ನು ಮಾತ್ರ ತಟ್ಟಿ ನೋಡುತ್ತಿರಲಿಲ್ಲ. ನಾಗಯ್ಯನ ಆ ಮಾಲು ಬರುವ ಹಿಂದಿನ ದಿನ ಬಂದಿದ್ದದ್ದು ಅಡಿಕೆ ತೋಟದ ಕಡೆಯ ಮೂಟೆ; ಅದರಿಂದ ಉಳಿಸಿದ ಡಬ್ಬಿಯೇ ಅವನ ಕಟ್ಟಿಗೆ ಸೇರಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಯಾವ ಮೊಬೈಲಿಗೂ ಗೊತ್ತಾಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಮುಚ್ಚಿಕೊಂಡೂ ಇದ್ದಳು, ಸುಳ್ಳೇಕೆ? ಹದಿನೆಂಟು ವರ್ಷದ ಹೆಸರನ್ನು ಒಂದು ಮಾತಿಗೆ ಕಳೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ಅಷ್ಟರಲ್ಲಿ ನಾಗಯ್ಯ ಮೂಟೆಯನ್ನೂ ಇಳಿಸದೆ ಗಾಡಿ ತಿರುಗಿಸಿದ.

"ನಿಲ್ಲೋ ಮಾರಾಯ," ಎಂದು ಕೂಗಿದಳು. ಇದ್ದದ್ದನ್ನು ಇದ್ದಹಾಗೆ ಹೇಳಿದಳು.

"ಹಾಗಾದ್ರೆ ಈ ಒಂದು ಕಟ್ಟು ಮಾತ್ರ ತಾನೇ?" ಎಂದು ಮೈತ್ರಿ ಕೇಳಿದಳು. ಹೌದೆಂದುಬಿಡಲಿ ಎಂಬ ಆಸೆ ಆ ಹುಡುಗಿಯ ದನಿಯಲ್ಲೇ ಇತ್ತು.

"ಅಲ್ಲ ಮೇಡಂ. ದಿನಾ ಹಾಕ್ತಿದ್ದೆ. ಸ್ಟಿಕ್ಕರ್ ಶುರುವಾದಾಗಿಂದ ಬೆಳಗಿನ ಮೊದಲ ಕಟ್ಟು ಒಂದೂ ನಂಬೋ ಹಾಗಿಲ್ಲ."

ಮೈತ್ರಿ ಕಾರ್ಖಾನೆಗೆ ಫೋನು ಮಾಡಿದಳು. ಕರಗಿಸಿದ್ದನ್ನು ಪರೀಕ್ಷೆಗೆ ಕಳಿಸುವುದೆಂದೂ, ಕರಗಿಸದೆ ಉಳಿದ ಹನ್ನೊಂದು ಕಟ್ಟು ವಾಪಸು ಬರುವುದೆಂದೂ ತೀರ್ಮಾನವಾಯಿತು. ನಾಗಯ್ಯನ ಹೆಸರು ಉಳಿಯಿತು. ಆರು ತಿಂಗಳು ಕರಿಬಸಮ್ಮನ ಹೆಸರು ಸ್ಟಿಕ್ಕರಿನಲ್ಲಿ ಇರಕೂಡದು; ಅವಳು ಆರಿಸಿದ್ದನ್ನು ವಿಜಯಕುಮಾರರೇ ಮತ್ತೊಮ್ಮೆ ನೋಡಬೇಕು. ಮೈತ್ರಿ ಅವಳ ಎದುರಿಗೇ ಮೊಬೈಲಿನಲ್ಲಿ ಹೆಸರನ್ನು ತೆಗೆದಳು. ಕರಿಬಸಮ್ಮನಿಗೆ ದುಃಖ ತಡೆಯಲಾಗಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡಳು.

ನಾಗಯ್ಯ ಗಾಡಿಯಿಂದ ಮೂಟೆ ಇಳಿಸಿ ತಂದು ಅವಳ ಮುಂದೆ ಸುರಿದ.

"ಹೆಸರು ಬರೀಲಿ ಬಿಡ್ಲಿ, ನನ್ನ ಮಾಲು ನಿನ್ನ ಕೈಯಿಂದ್ಲೇ ಹೋಗ್ಬೇಕು ಅಕ್ಕ. ಆರಿಸು."