ರೊಟ್ಟಿ ಒಂದು ಮನೆಯದು, ರಸ ಇನ್ನೊಂದು ಮನೆಯದು

ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ ನನ್ನನ್ನು ರಾಯಬಾಗ ಕಡೆಯ ಪಾಸ್ಟರೇಟಿಗೆ ವರ್ಗ ಮಾಡಿದರು. ಪಾಸ್ಟರೇಟ್ ಎಂದರೆ ಒಬ್ಬ ಪಾಸ್ಟರ್ ನೋಡಿಕೊಳ್ಳಬೇಕಾದ ಊರುಗಳ ಗುಂಪು. ನನ್ನ ಪಾಲಿಗೆ ಐದು ಊರು ಬಂದಿದ್ದವು. ಯಾವ ಊರಲ್ಲೂ ಕ್ರೈಸ್ತರದು ಒಂದು ಓಣಿಗಿಂತ ಹೆಚ್ಚಿಲ್ಲ. ಭಾನುವಾರ ಬೆಳಗಾದರೆ ಬಸ್ಸು, ಬಸ್ಸು ತಪ್ಪಿದರೆ ಯಾರದಾದರೂ ಬೈಕಿನ ಹಿಂದಿನ ಸೀಟು, ಮುಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರಿನ ಧೂಳು. ಆ ಹೊತ್ತಿಗಾಗಲೇ ನನ್ನ ಮೊಣಕಾಲು ಮುಷ್ಕರ ಹೂಡಿದ್ದವು. ಜನರಿಗೆ ಮೊಣಕಾಲೂರಿ ಎಂದು ಹೇಳಿ ನಾನು ಮಾತ್ರ ಕುರ್ಚಿ ಹಿಡಿದು ನಿಲ್ಲುತ್ತಿದ್ದೆ.

ಈಗ ಹೇಳಹೊರಟಿರುವುದು ಹಾರೂಗೇರಿ ಹಾದಿಯ ಒಂದು ಊರಿನ ಮಾತು. ಊರಿನ ಹೆಸರು ಬೇಡ, ಅಲ್ಲಿಯ ಜಗಳ ಇನ್ನೂ ಆರಿಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಅಲ್ಲಿ ಓಣಿಯ ನಡುವೆ ಹಂಚಿನ ಹಳೆಯ ಚರ್ಚ್ ಇತ್ತು. ಗೋಡೆ ಬಿರುಕು ಬಿಟ್ಟಿತ್ತು, ಹೊಸದು ಕಟ್ಟಬೇಕೆಂಬುದರಲ್ಲಿ ಎಲ್ಲರೂ ಒಂದೇ ಮಾತು. ಎಲ್ಲಿ ಕಟ್ಟಬೇಕು ಎಂಬಲ್ಲಿ ಮಾತ್ರ ಊರು ಎರಡಾಯಿತು. ದಾನಿಯೇಲ ಎಂಬ ಟ್ರ್ಯಾಕ್ಟರ್ ಮಾಲಕನ ಕಡೆಯವರು ರಸ್ತೆಗೆ ಅಂಟಿಕೊಂಡು, ಹೋಗಿ ಬರುವವರಿಗೆ ಕಾಣುವ ಹಾಗೆ ಆಗಲಿ ಎಂದರು. ಅವನ ಕಾಕಾ, ನಿವೃತ್ತ ಶಾಲಾಮಾಸ್ತರ ಸಾಮ್ಯುವೆಲ ಮತ್ತು ಅವರ ಕಡೆಯವರು, ಹಿರಿಯರು ದೀಕ್ಷಾಸ್ನಾನ ಪಡೆದ ಜಾಗ ಬಿಟ್ಟು ಒಂದು ಇಟ್ಟಿಗೆಯೂ ಕದಲಬಾರದು ಎಂದರು. ಒಬ್ಬರು ಚರ್ಚಿಗೆ ಕೀಲಿ ಹಾಕಿದರು, ಇನ್ನೊಬ್ಬರು ಅದರ ಮೇಲೆ ಮತ್ತೊಂದು ಕೀಲಿ ಹಾಕಿದರು. ಕೊನೆಗೆ ಕೋರ್ಟಿನ ತಡೆಯಾಜ್ಞೆ ಬಂದು ಯಾರಿಗೂ ಬಾಗಿಲು ತೆಗೆಯುವ ಹಕ್ಕಿಲ್ಲದಂತಾಯಿತು.

ನಾನು ಹೋದಾಗ ಪರಿಸ್ಥಿತಿ ಇದು. ಒಂದು ಗುಂಪು ದಾನಿಯೇಲನ ಪತ್ರಾಸ್ ತಗಡಿನ ಶೆಡ್ಡಿನಲ್ಲಿ ಕೂಡುತ್ತಿತ್ತು, ಇನ್ನೊಂದು ಸಾಮ್ಯುವೆಲರ ಪಡಸಾಲೆಯಲ್ಲಿ. ನಾನು ಒಂದೇ ಪ್ರಸಂಗವನ್ನು, ಅಂದರೆ ಉಪದೇಶವನ್ನು, ಶೆಡ್ಡಿನಲ್ಲಿ ಒಮ್ಮೆ, ಪಡಸಾಲೆಯಲ್ಲಿ ಒಮ್ಮೆ ಮಾಡುತ್ತಿದ್ದೆ. ಆ ಕಡೆಯವರಿಗೆ ಉದ್ದ ಹೇಳಿದಿರಿ, ನಮಗೆ ಮೊಟಕು ಮಾಡಿದಿರಿ ಎಂಬ ದೂರು ಇಬ್ಬರದೂ.

ಕ್ರೈಸ್ತ ನಂಬಿಕೆಯಲ್ಲಿ ಚರ್ಚ್ ಎಂದರೆ ಮೊದಲಿಗೆ ಗೋಡೆಯಲ್ಲ, ಜನ. ಕ್ರಿಸ್ತನ ಹೆಸರಿನಲ್ಲಿ ಕೂಡಿಬಂದವರು, ಅವರ ನಡುವೆ ಸಾರುವ ದೇವರ ವಾಕ್ಯ, ದೀಕ್ಷಾಸ್ನಾನ, ಒಂದೇ ರೊಟ್ಟಿ ಮುರಿದು ಒಂದೇ ಪಾತ್ರೆಯಿಂದ ಕುಡಿಯುವ ಕರ್ತನ ಭೋಜನ. ಇಷ್ಟಿದ್ದರೆ ಬೇವಿನ ಮರದ ಕೆಳಗೂ ಚರ್ಚ್ ಆಗುತ್ತದೆ. ಇದನ್ನು ನಾನು ಎರಡೂ ಕಡೆ ವಿವರಿಸಿದೆ. ಎರಡೂ ಕಡೆಯವರು ತಲೆದೂಗಿದರು.

“ಖರೇ ಐತ್ರಿ ಸಾಹೇಬ್ರ,” ಎಂದರು. “ಅದನ್ನ ಅವ್ರಿಗೆ ಹೇಳ್ರಿ.”

ಆಮೇಲೆ ಹೇಳುವುದನ್ನು ಬಿಟ್ಟೆ. ದಣಿವು ಎಂದರೆ ಮೈ ದಣಿಯುವುದಷ್ಟೇ ಅಲ್ಲ. ಹೇಳಿದ ಮಾತೇ ಹಳಸಿಹೋಗುತ್ತದಲ್ಲ, ಅದು ಹೆಚ್ಚು ದಣಿಸುತ್ತದೆ.

ಆ ಊರಿನಲ್ಲಿ ಕರ್ತನ ಭೋಜನಕ್ಕೆ ಒಂದು ರೂಢಿಯಿತ್ತು, ಬೇರೆಲ್ಲೂ ನಾನು ಕಂಡಿರಲಿಲ್ಲ. ಉಪ್ಪಿಲ್ಲದ ಚಪಾತಿಯೇ ಅಲ್ಲಿಯ ಪವಿತ್ರ ರೊಟ್ಟಿ. ಅಥಣಿ ಕಡೆಯ ಮನೂಕವನ್ನು, ಅಂದರೆ ಒಣದ್ರಾಕ್ಷಿಯನ್ನು, ನೆನೆಹಾಕಿ ಕುದಿಸಿ ಸೋಸಿದ್ದು ದ್ರಾಕ್ಷಾರಸ. ರೊಟ್ಟಿ ಕೊಟ್ಟ ಮನೆ ರಸ ಕೊಡಕೂಡದು, ರಸ ಮತ್ತೊಂದು ಮನೆಯಿಂದಲೇ ಬರಬೇಕು. ಯಾರು ಹಾಕಿದ ಕಟ್ಟಳೆಯೋ ತಿಳಿಯದು, ನಮ್ಮ ನಿಯಮಗಳಲ್ಲಂತೂ ಇಲ್ಲ. ಹಲವು ವರ್ಷ ರೊಟ್ಟಿ ದಾನಿಯೇಲನ ತಾಯಿ ಮಾರ್ಥವ್ವನ ಮನೆಯಿಂದ, ರಸ ಆಕೆಯ ನೆಗೆಣ್ಣಿ, ಅಂದರೆ ಸಾಮ್ಯುವೆಲರ ಹೆಂಡತಿ ಸುಂದರವ್ವನ ಮನೆಯಿಂದ ಬರುತ್ತಿತ್ತಂತೆ. ಜಗಳವಾದ ಮೇಲೆ ಅದು ನಿಂತಿತ್ತು, ನಾನೇ ರಾಯಬಾಗದ ಅಂಗಡಿಯಿಂದ ದ್ರಾಕ್ಷಿ ರಸದ ಬಾಟಲಿ ತರುತ್ತಿದ್ದೆ. ಯಾರೂ ಬೇಡವೆನ್ನಲಿಲ್ಲ.

ಆ ಬೇಸಿಗೆಯಲ್ಲಿ ಮಾರ್ಥವ್ವನಿಗೆ ಕಾಯಿಲೆ ಉಲ್ಬಣಿಸಿತು. ಚಿಕ್ಕೋಡಿಯ ಡಾಕ್ಟರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿದ್ದರು. ಕೊನೆಯ ಬಾರಿ ಕರ್ತನ ಭೋಜನ ತೆಗೆದುಕೊಳ್ಳಬೇಕೆಂದು ಆಕೆ ಕೇಳುತ್ತಿದ್ದಾಳೆಂದು ದಾನಿಯೇಲ ಫೋನ್ ಮಾಡಿದ. ನಮ್ಮಲ್ಲಿ ಸಾಯುವ ಮುಂಚೆ ಆ ತುತ್ತು ಸಿಗುವುದು ದೊಡ್ಡ ಸಮಾಧಾನ. ಸಣ್ಣ ಪಾತ್ರೆ, ತಟ್ಟೆ, ಬಾಟಲಿ ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಹೊರಟೆ.

ಮಾರ್ಥವ್ವ ಗೋಡೆಗೆ ಒರಗಿಸಿದ ದಿಂಬಿನ ಮೇಲಿದ್ದಳು. ಕಣ್ಣು ಮಾತ್ರ ಚುರುಕು. ಸೊಸೆ ಶೋಭಾ ಚಪಾತಿ ತಂದಿಟ್ಟಳು. ನಾನು ಬಾಟಲಿಯ ಮುಚ್ಚಳ ತಿರುಗಿಸಿದೆ.

“ಅದು ಯಾರ ಮನೀದ್ರಿ?” ಎಂದಳು ಮುದುಕಿ.

“ಅಂಗಡಿಯದವ್ವ.”

“ಹಂಗಾರ ಬ್ಯಾಡ್ರಿ.”

ನಮ್ಮ ನಿಯಮದ ಪ್ರಕಾರ ಏನೂ ಕೊರತೆಯಿಲ್ಲ, ದೇವರು ಒಪ್ಪುತ್ತಾನೆ ಎಂದೆ. ಆಕೆ ನನ್ನ ಮೇಲೆ ಕನಿಕರ ಪಟ್ಟವಳಂತೆ ನೋಡಿದಳು.

“ದೇವ್ರು ಒಪ್ತಾನ್ರಿ. ನನಗ ಇಳಿಯಂಗಿಲ್ಲ. ಸುಂದ್ರಿ ಕುದಿಸಿದ್ದು ತರ್ರಿ. ಒಬ್ಬಾಕೀನ ಕುಂತು ಉಂಡು ಹೋಗ್ಲೇನ್ರಿ ನಾ?”

ನನಗೆ ಸಿಟ್ಟು ಬಂತು ಎಂದರೆ ಸುಳ್ಳಲ್ಲ. ಬಿಸಿಲಿಗೆ ಬಂದಿದ್ದೇನೆ, ಮಧ್ಯಾಹ್ನ ಇನ್ನೊಂದು ಊರಲ್ಲಿ ಮದುವೆ ಮಾತುಕತೆಯಿದೆ, ಇವಳ ಉಸಿರಾಟ ನೋಡಿದರೆ ಇವತ್ತೋ ನಾಳೆಯೋ ಎನ್ನುವಂತಿದೆ. ಇಂಥ ಹೊತ್ತಿನಲ್ಲಿ ಹಟವೇ? ದಾನಿಯೇಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. “ಆ ಮನೀದು ನಮ್ಮ ಹೊಸ್ತಲಾ ದಾಟಂಗಿಲ್ಲರಿ,” ಎಂದು ಹೊರಗೆ ಹೋದ. ಮಾರ್ಥವ್ವ ಬಾಯಿ ಬಿಗಿದುಕೊಂಡಳು. ಬಾಟಲಿಯನ್ನು ಮತ್ತೆ ಚೀಲಕ್ಕೆ ಹಾಕಿ ಎದ್ದೆ. ಎರಡು ಹಟಗಳ ನಡುವೆ ಮೂರನೆಯ ಹಟ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ.

ಸಾಮ್ಯುವೆಲರ ಮನೆ ಅದೇ ಓಣಿಯ ಆಚೆ ತುದಿ. ವಿಷಯ ಹೇಳಿದೆ. ಅವರು ಕಣ್ಣಿನ ಚಾಳೀಸು ತೆಗೆದು ಒರೆಸಿದರು.

“ವೈನಿ ಬಗ್ಗೆ ನನಗೇನೂ ಇಲ್ರಿ. ಅಣ್ಣನ ಹೇಣ್ತಿ, ನನ್ನನ್ನ ಎತ್ತಿ ಆಡಿಸಿದಾಕಿ. ಆದ್ರ ನಮ್ಮ ಮನೀದು ಅಲ್ಲಿಗೆ ಹೋತಂದ್ರ ನಾವು ರಾಜಿಯಾದ್ವಿ ಅಂತಾರ. ವಕೀಲರು ಬ್ಯಾರೆ ಹೇಳ್ಯಾರ, ಆ ಮನೀ ಕಡೆ ಕಾಲಿಡಬ್ಯಾಡ್ರಿ ಅಂತ.”

“ಆಕೆ ಇವತ್ತು ಸಂಜೆ ನೋಡುತ್ತಾಳೋ ಇಲ್ಲವೋ ಮಾಸ್ತರ,” ಎಂದೆ. ಅಷ್ಟೇ ನನ್ನಿಂದ ಆದದ್ದು. ಅವರ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತುಬಿಟ್ಟೆ.

ಒಳಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಆಮೇಲೆ ಗ್ಯಾಸ್ ಹಚ್ಚಿದ ಸದ್ದು. ಸಾಮ್ಯುವೆಲರು ಒಳಗೆ ತಿರುಗಿ, “ಏನ್ ಮಾಡಾಕತ್ತಿ?” ಎಂದರು.

“ನಿಮ್ಮ ಕೇಸು ಕೋರ್ಟಿನ್ಯಾಗ ಇರ್ಲಿ,” ಎಂದಳು ಸುಂದರವ್ವ. “ಮನೂಕ ನನ್ನ ಡಬ್ಬಿನ್ಯಾಗ ಅದಾವು.”

ನೆನೆಹಾಕಲು ಪುರಸೊತ್ತಿರಲಿಲ್ಲ, ಕುಟ್ಟಿ ಕುದಿಸಿದಳು. ಅದು ಬಣ್ಣ ಬಿಡುವವರೆಗೆ ನಾವಿಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದೆವು. ಒಲೆಯ ಮೇಲಿನದು ಆಗುವ ಮೊದಲೇ ಆ ಮನೆಯಿಂದ ಅಳು ಕೇಳಿಬಂದರೆ ಎಂಬ ಭಯ ನನಗೆ. ಅವರಿಗೂ ಅದೇ ಇದ್ದಿರಬೇಕು, ಓಣಿಯ ಕಡೆಗೇ ಕಿವಿಯಾಗಿದ್ದರು.

ಸುಂದರವ್ವ ಸ್ಟೀಲಿನ ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುಂದೆ ನಡೆದಳು. ನಾನು ಹಿಂದೆ. ಓಣಿಯ ಹೆಂಗಸರು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತರು. ದಾನಿಯೇಲ ತನ್ನ ಹೊಸ್ತಿಲಿಗೆ ಅಡ್ಡವಾಗಿ ನಿಂತಿದ್ದ. ಆಕೆ ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು.

“ಸರೀತಿಯೋ, ಇಲ್ಲೇ ಚೆಲ್ಲಲ್ಯೋ?”

ಅವನು ಬದಿಗೆ ಸರಿದು ಅಂಗಳಕ್ಕೆ ಇಳಿದ. ಆಕೆಯ ಎದೆಹಾಲು ಕುಡಿದು ಬೆಳೆದ ಹುಡುಗ ಅವನು ಎಂದು ಆಮೇಲೆ ಯಾರೋ ಹೇಳಿದರು. ಬದಿಗೆ ಸರಿದು ಅಂಗಳಕ್ಕೆ ಇಳಿದ. ಸಾಮ್ಯುವೆಲರೂ ಹಿಂದೆಯೇ ಬಂದಿದ್ದರು, ಆದರೆ ಅಂಗಳ ಮೆಟ್ಟಲಿಲ್ಲ, ರಸ್ತೆಯ ಮೇಲೆ ನಿಂತರು.

ಒಳಗೆ ಮೂವರು ಹೆಂಗಸರು ಮತ್ತು ನಾನು. ನೆಗೆಣ್ಣಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನಾನು ಆರಾಧನೆ ಶುರುಮಾಡಿದೆ. ಕರ್ತನ ಪ್ರಾರ್ಥನೆಗೆ ಬಂದಾಗ ಕಿಟಕಿಯ ಹೊರಗಿನಿಂದ ದಾನಿಯೇಲನ ದನಿ ಸೇರಿತು. ಅದರ ಹಿಂದೆ ಇನ್ನೂ ದೂರದಿಂದ ಮಾಸ್ತರರ ದನಿ. ಹುಟ್ಟಿದಂದಿನಿಂದ ಹೇಳಿದ ಪ್ರಾರ್ಥನೆ, ಯಾರಾದರೂ ಶುರುಮಾಡಿದರೆ ಬಾಯಿ ತಾನೇ ಹೇಳುತ್ತದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಮಾತು ಬರುವ ಜಾಗದಲ್ಲಿ ಎರಡೂ ದನಿ ನಿಂತುಹೋದವು. ಹೆಂಗಸರು ಮುಂದುವರಿಸಿದರು. ಕೊನೆಯ ಆಮೆನ್‌ಗೆ ಆ ಇಬ್ಬರೂ ಮತ್ತೆ ಸೇರಿಕೊಂಡರು.

ಮಾರ್ಥವ್ವ ಒಂದು ಚೂರು ರೊಟ್ಟಿಯನ್ನು ಬಹಳ ಹೊತ್ತು ಅಗಿದಳು. ಪಾತ್ರೆಯನ್ನು ತುಟಿಗೆ ಮುಟ್ಟಿಸಿದೆ. ನುಂಗಿ, “ಸಕ್ರಿ ಹಾಕೀ ಏನ?” ಎಂದು ಸುಂದರವ್ವನನ್ನು ಗದರಿದಳು. ಸುಂದರವ್ವ ಅಳುತ್ತ ನಕ್ಕಳು. ಅವರಿಬ್ಬರಿಗೂ ಶೋಭಾಗೂ ಕೊಟ್ಟ ಮೇಲೆ ಉಳಿದದ್ದನ್ನು ಪಾಸ್ಟರನೇ ಕುಡಿದು ಮುಗಿಸಬೇಕು, ಅದು ನಿಯಮ. ಮಾರ್ಥವ್ವ ನನ್ನ ಕೈ ಹಿಡಿದಳು.

“ಹೊರಗ ಇಬ್ಬರು ಅದಾರಲ್ರಿ.”

ರೊಟ್ಟಿಯ ತಟ್ಟೆ, ಪಾತ್ರೆ ಹಿಡಿದು ಅಂಗಳಕ್ಕೆ ಹೋದೆ. ದಾನಿಯೇಲ ಚಪ್ಪಲಿ ಬಿಟ್ಟು ಬಂದು ತೆಗೆದುಕೊಂಡ. ರಸ್ತೆಗೆ ಹೋದೆ. ಸಾಮ್ಯುವೆಲರು ಪಾತ್ರೆಯನ್ನು ನೋಡಿದರು, ಅಂಗಳದಲ್ಲಿದ್ದ ಅಣ್ಣನ ಮಗನನ್ನು ನೋಡಿದರು. ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು, ರೊಟ್ಟಿಯ ಚೂರು ತಿಂದು, ಅವನು ಕುಡಿದ ಪಾತ್ರೆಯಿಂದಲೇ ಕುಡಿದರು. ಆಮೇಲೆ ಬಂದ ದಾರಿ ಹಿಡಿದು ಹೋದರು.

ಮಾರ್ಥವ್ವ ಆ ವಾರವೇ ತೀರಿಕೊಂಡಳು. ಮಣ್ಣಿಗೆ ಎರಡೂ ಕಡೆಯವರು ಬಂದರು, ಬೇರೆ ಬೇರೆ ನಿಂತರು. ಓದುವವರು ಇನ್ನು ರಾಜಿಯ ಮಾತು ಬರುತ್ತದೆಂದು ಕಾದಿರಬಹುದು. ಬರಲಿಲ್ಲ. ನಾನು ನಿವೃತ್ತನಾಗುವವರೆಗೂ ಶೆಡ್ಡಿನಲ್ಲೊಮ್ಮೆ, ಪಡಸಾಲೆಯಲ್ಲೊಮ್ಮೆ ಪ್ರಸಂಗ ಮಾಡಿದೆ. ಬೀಳ್ಕೊಡುಗೆಯನ್ನೂ ಎರಡು ಮಾಡಿದರು, ಶಾಲು ಎರಡು.

ಆದರೆ ಒಂದು ಹೊಸ ಕೆಲಸ ನನ್ನ ಹೆಗಲಿಗೆ ಬಿದ್ದಿತ್ತು. ಭೋಜನದ ಭಾನುವಾರ ಶೋಭಾ ಎರಡು ಚಪಾತಿ ಕೊಡುತ್ತಿದ್ದಳು, ಒಂದು ಶೆಡ್ಡಿಗೆ, ಒಂದು ಪಡಸಾಲೆಗೆ. ಸುಂದರವ್ವ ಎರಡು ಬಾಟಲಿ ತುಂಬಿಡುತ್ತಿದ್ದಳು. ಯಾವುದು ಎಲ್ಲಿಂದ ಬಂತೆಂದು ಗಂಡಸರು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಓಣಿಯ ಈ ತುದಿಯಿಂದ ಆ ತುದಿಗೆ ಹೊತ್ತು ತಿರುಗುವುದು ನನ್ನ ಪಾಲಿನದು.

ಮನಸ್ಸು ಕೂಡಿದವರದೇ ಚರ್ಚ್ ಎಂದು ನಂಬಿಕೊಂಡು ನಾನು ಊರೂರು ಅಲೆದೆ, ರಾಜಿ ಮಾಡಿಸಲು ಹೋಗಿ ಸೋತೆ. ಸೋತ ಮೇಲೆ ಕೆಲಸ ಇಷ್ಟನ್ನು ಕಲಿಸಿತು: ಮಾತು ಬಿಟ್ಟ ಮೇಲೂ ಒಬ್ಬರ ಕೈಯದು ಇಲ್ಲದೆ ಇನ್ನೊಬ್ಬರ ಗಂಟಲಲ್ಲಿ ತುತ್ತು ಇಳಿಯದಿದ್ದರೆ, ಚರ್ಚ್ ಅಲ್ಲಿ ಇನ್ನೂ ಸತ್ತಿಲ್ಲ. ಕಟ್ಟಡ ಯಾರದೆಂದು ಕೋರ್ಟು ಹೇಳಲಿ.