ಅಣ್ಣನ ಮೂಗಿಗೆ ಮಾಡಿದ ಅಡುಗೆ

ಹೋಟೆಲು ನಡೆಸುವವನಿಗೆ ಅಡುಗೆ ಬರುತ್ತದೆ ಎಂದು ಲೋಕ ನಂಬಿದೆ. ಆ ನಂಬಿಕೆಯನ್ನು ಕೆಡಿಸಲು ನಾನಾಗಿ ಎಂದೂ ಹೋದವನಲ್ಲ. ಪುಣೆ ಕ್ಯಾಂಪಿನ ನಮ್ಮ ಸಸ್ಯಾಹಾರಿ ಹೋಟೆಲಿನಲ್ಲಿ ನನ್ನ ಜಾಗ ಗಲ್ಲಾದ ಹಿಂದೆ; ಒಳಗಿನ ಒಲೆಯೆಲ್ಲ ಅಣ್ಣನದು. ಸಾಂಬಾರಿನ ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ಅವನು ತಲೆಯಾಡಿಸಿದ ಮೇಲೆಯೇ ಪಾತ್ರೆ ಹೊರಗೆ ಬರುತ್ತಿತ್ತು. ಆ ನಾಲಿಗೆಯ ಮೇಲೆ ನಮ್ಮ ಇಡೀ ಸಂಸಾರ ನಿಂತಿತ್ತು.

ಅದೇ ನಾಲಿಗೆಯ ಅಂಚಿನಲ್ಲಿ ಹುಣ್ಣಾಯಿತು. ಕ್ಯಾನ್ಸರ್ ಎಂದರು. ಒಂದಿಷ್ಟು ಕತ್ತರಿಸಿದರು, ಉಳಿದದ್ದಕ್ಕೆ ರೇಡಿಯೇಶನ್ ಕೊಟ್ಟರು. ಮನೆಗೆ ಬಂದಾಗ ಅಣ್ಣನ ಬಾಯಲ್ಲಿ ಜೊಲ್ಲೂ ಇರಲಿಲ್ಲ, ರುಚಿಯೂ ಇರಲಿಲ್ಲ. ಖಾರ, ಹುಳಿ ಬೇಡ. ತಾಜಾ ತರಕಾರಿ, ಮೀನು ಮೆತ್ತಗೆ ಬೇಯಿಸಿ ಕೊಡಿ. ತೂಕ ಇನ್ನೂ ಇಳಿದರೆ ಮೂಗಿಗೆ ಊಟದ ನಳಿಗೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ಅಣ್ಣ ಮದುವೆಯಾದವನಲ್ಲ, ಇದ್ದದ್ದು ನಮ್ಮ ಜೊತೆಗೇ. ನನ್ನ ಹೆಂಡತಿ ಶಾಲಿನಿ ಗಲ್ಲಾದಲ್ಲಿ ಕೂತಳು. ನನಗಿಂತ ಚೆನ್ನಾಗಿ ಕೂತಳೆಂದು ಗಿರಾಕಿಗಳ ಅಭಿಪ್ರಾಯ. ಹೋಟೆಲಿನ ಒಲೆಯನ್ನು ಅಣ್ಣ ಕಲಿಸಿದ ಹುಡುಗರು ನೋಡಿಕೊಂಡರು, ನಾನು ಮನೆಯ ಅಡುಗೆಮನೆ ಹೊಕ್ಕೆ.

ಹೋಟೆಲು ಸಸ್ಯಾಹಾರಿಯಾದರೂ ಮನೆಯಲ್ಲಿ ನಾವು ಮೀನು ತಿನ್ನುವವರೇ. ಮುಳ್ಳು ಕಡಿಮೆಯೆಂದು ಕಾಣೆ ಮೀನು ತಂದೆ. ಅದರ ಜೊತೆ ಸೋರೆಕಾಯಿ, ಪಾಲಕ್. ಹಬೆಗೆ ಇಟ್ಟು ಸ್ನಾನ ಮುಗಿಸಿ ಬರುವಷ್ಟರಲ್ಲಿ ಊಟ ತಯಾರು. ಆರೋಗ್ಯದ ಅಡುಗೆಯ ದೊಡ್ಡ ಗುಣವೆಂದರೆ ಅದು ಬೇಗ ಆಗುತ್ತದೆ. ದೊಡ್ಡ ದೋಷವೆಂದರೆ ಅದನ್ನು ಯಾರಾದರೂ ತಿನ್ನಬೇಕು. ಅಣ್ಣ ಒಂದು ಚಮಚ ಬಾಯಿಗಿಟ್ಟು ಗೋಡೆಯ ಕಡೆ ತಿರುಗಿದ.

"ಸುಣ್ಣ ತಿಂದ ಹಾಂಗ್ ಆತ್ತ್. ತಕೊಂಡ್ ಹೋಗ್ ಮಾರಾಯ," ಎಂದು ತೊದಲಿದ.

ದಿನವೂ ಅದೇ ಮಾತು. ಲುಂಗಿ ಅವನ ಸೊಂಟದಲ್ಲಿ ನಿಲ್ಲದಾಯಿತು. ಶಾಲಿನಿ ಲಾಡಿ ಹಾಕಿದ ಪೈಜಾಮ ಹೊಲಿಸಿದಳು.

ಒಂದು ಬೆಳಿಗ್ಗೆ ಬಾಣಲೆಗೆ ಬೆಳ್ಳುಳ್ಳಿ ಹಾಕಿದ್ದೆ. ಮೀನಿನವಳ ಫೋನು ಬಂತು. "ದಾದಾ, ಕೋಳಂಬಿ ಆಲೀ ಆಹೆ, ಏಕದಮ್ ತಾಜಿ!" ತಾಜಾ ಸಿಗಡಿ ಬಂದಿದೆಯಂತೆ. ಎಷ್ಟು ಬೇಕೆಂದು ಹೇಳುತ್ತ ಬಾಲ್ಕನಿಯಲ್ಲೇ ನಿಂತುಬಿಟ್ಟೆ. ಅಷ್ಟರಲ್ಲಿ ಒಳಗಿನಿಂದ, ಹಾಸಿಗೆ ಬಿಟ್ಟು ಏಳದಿದ್ದವನ ಕೂಗು: "ಹೋಯ್! ಬೆಳ್ಳುಳ್ಳಿ ಕರಟಿ ಹೋತ್ತ್! ಗ್ಯಾಸ್ ಆಫ್ ಮಾಡ್!"

ಓಡಿಬಂದು ನೋಡಿದರೆ ಅಣ್ಣ ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

ನಮ್ಮ ಹಳೆಯ ಶಾಸ್ತ್ರಕಾರರು ರುಚಿಯನ್ನು ನೀರಿನ ಗುಣವೆಂದರು, ವಾಸನೆಯನ್ನು ಮಣ್ಣಿನ ಗುಣವೆಂದರು. ಅಣ್ಣನ ಬಾಯಲ್ಲಿ ನೀರು ಬತ್ತಿತ್ತು. ಮೂಗಿನಲ್ಲಿ ಮಣ್ಣು ಇನ್ನೂ ಉಳಿದಿತ್ತು. ಅಂದಿನಿಂದ ಅವನು ಸ್ಟೂಲಿನ ಮೇಲೆ ಕೂತು ಮೂಗಿನಿಂದಲೇ ಅಡುಗೆ ಮಾಡಿಸಿದ. "ಸಬ್ಬಸಿಗೆ ಈಗ ಹಾಕ್." "ಕಾಯಿಹಾಲ್ ಕುದ್ಸ್‌ಬೇಡ." ಬಟ್ಟಲಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಮೊದಲು ಆವಿಯನ್ನು ಎಳೆದುಕೊಳ್ಳುತ್ತಿದ್ದ, ಆಮೇಲೆ ಚಮಚ. ಒಂದೊಂದು ತುತ್ತಿಗೂ ನೋವಿನಿಂದ ಕತ್ತಿನ ನರ ಬಿಗಿಯುತ್ತಿತ್ತು. ಆದರೂ ಬಟ್ಟಲು ಬರಿದಾಗುತ್ತಿತ್ತು. ತೂಕ ಇಳಿಯುವುದು ನಿಂತಿತು. ಬೇಸಗೆಯೊಂದನ್ನು ಹಾಗೆ ದಾಟಿದೆವು.

ಮಳೆಗಾಲದಲ್ಲಿ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಇನ್ನು ಮಾಡುವಂಥದ್ದು ಏನೂ ಇಲ್ಲವೆಂದರು. ಗಂಟಲು ಮುಚ್ಚುತ್ತ ಬಂತು, ನಳಿಗೆ ಹಾಕಿದರು. ಹಾಕಿದ್ದು ಅದೇ ಮೂಗಿಗೆ. ಮೂರು ಹೊತ್ತೂ ಬಿಳಿ ಪುಡಿ ಕದಡಿದ ನೀರು. ಗೌರಿ ಹಬ್ಬದ ಹಿಂದಿನ ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡೇ ಅಣ್ಣ ಹೋದ.

ಸೂತಕ ಕಳೆದ ಮೇಲೆ, ಕುಂದಾಪುರದಿಂದ ಬಂದಿದ್ದ ಚಿಕ್ಕಮ್ಮ ಬಂಗುಡೆ ಸಾರು ಮಾಡಿ ನಮ್ಮ ಕಡೆಯ ರೂಢಿಯಂತೆ ಅಣ್ಣನ ಹೆಸರಿನಲ್ಲಿ ಎಲೆ ಹಾಕಿ ಬಡಿಸಿದಳು. ಕೆಂಪು ಸಾರು ಎಲೆಯ ತುಂಬ ಹರಿಯಿತು. ನಾನು ಎದುರು ಕೂತು ಮೀನಿನ ಮುಳ್ಳು ಬಿಡಿಸತೊಡಗಿದೆ.

"ಎಂತ ಮಾಡ್ತೆ ನೀನ್? ಅವನಿಗೆ ಇನ್ನ್ ಮುಳ್ಳ್ ಚುಚ್ಚುತ್ತಾ?" ಎಂದು ಗದರಿದ ಚಿಕ್ಕಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

ಚುಚ್ಚುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಒಂದೊಂದನ್ನೇ ತೆಗೆದು ಎಲೆಯ ಅಂಚಿಗಿಟ್ಟೆ. ಅಡುಗೆಯನ್ನು ಎಷ್ಟು ಬೇಗ ಬೇಕಾದರೂ ಮುಗಿಸಬಹುದು. ಬಡಿಸುವಾಗ ಮಾತ್ರ ಅವಸರ ಮಾಡಬಾರದು.